ಬಯಲಿನಲ್ಲಿ ಹೆಣ್ಣುಮಗಳ ಪಾಲು

ಆಟಕ್ಕೆ ಹೊರಟ ಗಂಡುಹುಡುಗನನ್ನು ನಮ್ಮ ಮನೆಗಳಲ್ಲಿ ಯಾರೂ ಕಾರಣ ಕೇಳುವುದಿಲ್ಲ. ಹೊತ್ತು ಮುಳುಗುವುದರೊಳಗೆ ಬಾ ಎನ್ನುತ್ತಾರೆ, ಬಹಳವೆಂದರೆ ಹೋಮ್‌ವರ್ಕ್ ಮುಗಿಯಿತೇ ಎಂದು ವಿಚಾರಿಸುತ್ತಾರೆ. ಅದೇ ಮನೆಯ ಹೆಣ್ಣುಮಗಳು ಹೊರಟರೆ ಮೊದಲು ಬರುವ ಮಾತು 'ಯಾಕೆ?' ಎಂಬುದು. ಆ ಪ್ರಶ್ನೆಗೆ ಅವಳು ಉತ್ತರ ಕೊಡಬೇಕು. ಕೊಟ್ಟ ಉತ್ತರ ಮನೆಯವರಿಗೆ, ಬೀದಿಯವರಿಗೆ, ಕೆಲವೊಮ್ಮೆ ಜಮಾಅತಿನ ಹಿರಿಯರಿಗೂ ಒಪ್ಪಿಗೆಯಾಗಬೇಕು. ತಾಲ್ಲೂಕು ಮಟ್ಟಕ್ಕೆ ಆಯ್ಕೆಯಾಗಿದ್ದೇನೆ, ಸರ್ಟಿಫಿಕೇಟ್ ಸಿಗುತ್ತದೆ, ಮುಂದೆ ಕ್ರೀಡಾ ಕೋಟಾದಲ್ಲಿ ಸೀಟೋ ಕೆಲಸವೋ ಸಿಗಬಹುದು, ಡಾಕ್ಟರು ವ್ಯಾಯಾಮ ಮಾಡು ಅಂದಿದ್ದಾರೆ ಎಂದೆಲ್ಲ ಅವಳು ಹೇಳಬೇಕಾಗುತ್ತದೆ. 'ಆಡಬೇಕು ಅನ್ನಿಸಿತು' ಎಂಬ ಉತ್ತರವನ್ನು ನಾವು ಗಂಡುಮಕ್ಕಳಿಂದ ಮಾತ್ರ ಸ್ವೀಕರಿಸುತ್ತೇವೆ.

ಕ್ರೀಡೆಯಲ್ಲಿ ಮಹಿಳೆಯರ ಸಮಾನತೆಯ ಬಗ್ಗೆ ಚರ್ಚೆ ಬಂದಾಗಲೆಲ್ಲ ಮಾತು ಪದಕ ಮತ್ತು ಹಣದ ಕಡೆಗೆ ತಿರುಗುತ್ತದೆ. ಅದು ಬೇಡದ ಮಾತೇನೂ ಅಲ್ಲ. 2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ಹರ್ಮನ್‌ಪ್ರೀತ್ ಕೌರ್ ನಾಯಕತ್ವದ ತಂಡ ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿ ಏಕದಿನ ವಿಶ್ವಕಪ್ ಗೆದ್ದಾಗ ದೇಶವೇ ಎದ್ದು ನಿಂತಿತು. ಕ್ರಿಕೆಟ್ ಮಂಡಳಿ 2022ರ ಅಕ್ಟೋಬರ್‌ನಲ್ಲೇ ಪಂದ್ಯ ಶುಲ್ಕವನ್ನು ಪುರುಷರಿಗೂ ಮಹಿಳೆಯರಿಗೂ ಸಮ ಮಾಡಿತ್ತು. ಟೆಸ್ಟಿಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ-20ಗೆ 3 ಲಕ್ಷ ರೂಪಾಯಿ. ಆದರೆ 2024-25ರ ವಾರ್ಷಿಕ ಗುತ್ತಿಗೆಯಲ್ಲಿ ಪುರುಷರ ಅತ್ಯುನ್ನತ ಶ್ರೇಣಿಗೆ 7 ಕೋಟಿ, ಮಹಿಳೆಯರ ಅತ್ಯುನ್ನತ ಶ್ರೇಣಿಗೆ 50 ಲಕ್ಷ. ಪಂದ್ಯದ ದಿನ ಸಮಾನತೆ, ಉಳಿದ ದಿನ ಹಳೆಯ ಲೆಕ್ಕ ಎಂದರೆ ತಪ್ಪಾಗಲಾರದು.

ನಮ್ಮದೇ ಬೆಂಗಳೂರಿನ ಶಾಂತಾ ರಂಗಸ್ವಾಮಿಯವರ ಕಾಲವನ್ನು ನೆನೆದರೆ ಇದೂ ದೊಡ್ಡದೇ. 1976ರಲ್ಲಿ ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಆಡಿದ್ದು ಬೆಂಗಳೂರಿನಲ್ಲಿ, ಮೊದಲ ಟೆಸ್ಟ್ ಗೆದ್ದದ್ದು ಅದೇ ವರ್ಷ ಪಾಟ್ನಾದಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ಎರಡರಲ್ಲೂ ನಾಯಕಿ ಶಾಂತಾ. ಅರ್ಜುನ ಪ್ರಶಸ್ತಿ ಪಡೆದ ಮೊದಲ ಮಹಿಳಾ ಕ್ರಿಕೆಟ್ ಪಟುವೂ ಅವರೇ. ಸೀಟು ಕಾದಿರಿಸದ ರೈಲು ಡಬ್ಬಿಗಳಲ್ಲಿ ಊರಿಂದೂರಿಗೆ ಹೋಗಿ ಆಡಿದ ದಿನಗಳನ್ನು ಅವರು ಹಲವು ಸಲ ಹೇಳಿಕೊಂಡಿದ್ದಾರೆ. ಆ ಆಟಕ್ಕೆ ಆಗ ಪದಕವೂ ಇರಲಿಲ್ಲ, ದುಡ್ಡೂ ಇರಲಿಲ್ಲ. ಆಡಬೇಕು ಅನ್ನಿಸಿದ್ದರಿಂದ ಆಡಿದರು.

ನನ್ನ ಪ್ರಶ್ನೆ ಇರುವುದು ಇಲ್ಲಿ. ಗೆದ್ದವಳಿಗೆ ಸಿಗುವ ಗೌರವ ಸಮಾನತೆಯೇ? ಅಥವಾ ಅದು ಸೋತವಳಿಗೆ, ಸಾಧಾರಣವಾಗಿ ಆಡುವವಳಿಗೆ, ಎಂದೂ ಯಾವ ತಂಡಕ್ಕೂ ಆಯ್ಕೆಯಾಗದವಳಿಗೆ ಸಿಗದ ತನಕ ಬರಿಯ ಬಹುಮಾನವೇ? ಹೊಳೆನರಸೀಪುರದಲ್ಲೋ ಚನ್ನರಾಯಪಟ್ಟಣದಲ್ಲೋ ಭಾನುವಾರ ಬೆಳಗ್ಗೆ ಟೆನ್ನಿಸ್ ಚೆಂಡಿನ ಕ್ರಿಕೆಟ್ ಆಡುವ ನೂರಾರು ಹುಡುಗರಲ್ಲಿ ಭಾರತ ತಂಡಕ್ಕೆ ಹೋಗುವವರು ಯಾರೂ ಇಲ್ಲ. ಅದು ಅವರಿಗೂ ಗೊತ್ತು, ಅವರ ಅಪ್ಪಂದಿರಿಗೂ ಗೊತ್ತು. ಬಹುಪಾಲು ಹುಡುಗರು ಕೆಟ್ಟದಾಗಿಯೇ ಆಡುತ್ತಾರೆ. ಯಾರೂ ಅವರನ್ನು ಬಯಲಿನಿಂದ ಎಬ್ಬಿಸುವುದಿಲ್ಲ. ಕೆಟ್ಟದಾಗಿ ಆಡುವ ಈ ಹಕ್ಕು ಹುಡುಗಿಯರಿಗಿಲ್ಲ. ಹುಡುಗಿ ಬಯಲಿಗೆ ಇಳಿದರೆ ಗೆಲ್ಲಲೇಬೇಕು, ಇಲ್ಲವಾದರೆ ಮನೆಗೆ ಮರಳಬೇಕು.

ನಿಖತ್ ಝರೀನ್ ಅವರ ಕತೆಯನ್ನು ಈ ದೃಷ್ಟಿಯಿಂದ ನೋಡಬಹುದು. ತೆಲಂಗಾಣದ ನಿಝಾಮಾಬಾದಿನ ಈ ಹುಡುಗಿ ಬಾಕ್ಸಿಂಗ್ ಕಲಿಯತೊಡಗಿದಾಗ ಚಡ್ಡಿ ತೊಡುವುದರ ಬಗ್ಗೆ, ಮೂಗು ಮುರಿದರೆ ಮದುವೆಯಾಗುವುದು ಹೇಗೆಂಬುದರ ಬಗ್ಗೆ ಬಂಧುಗಳು ಮಾತಾಡಿದರು. ತಂದೆ ಮುಹಮ್ಮದ್ ಜಮೀಲ್ ಸ್ವತಃ ಕ್ರೀಡೆಯಿಂದ ಬಂದವರು. ನೀನು ಪದಕ ತಂದ ದಿನ ಇದೇ ಜನ ನಿನ್ನ ಜೊತೆ ಫೋಟೋ ತೆಗೆಸಿಕೊಳ್ಳಲು ಬರುತ್ತಾರೆ ಎಂದು ಮಗಳಿಗೆ ಧೈರ್ಯ ತುಂಬಿದರು. 2022ರ ಮೇ ತಿಂಗಳಲ್ಲಿ ಇಸ್ತಾಂಬುಲಿನಲ್ಲಿ ಅವರು ವಿಶ್ವ ಚಾಂಪಿಯನ್ ಆದರು, 2023ರಲ್ಲಿ ಮತ್ತೊಮ್ಮೆ. ತಂದೆಯ ಮಾತು ನಿಜವಾಯಿತು. ಆ ತಂದೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಮಾತಿನ ಒಳಗಿರುವ ಸತ್ಯ ಕಹಿಯಾದದ್ದು. ಅದೇ ಊರಿನಲ್ಲಿ ಅದೇ ಕಾಲಕ್ಕೆ ಕೈಚೀಲ ಕಟ್ಟಿದ ಇನ್ನೊಬ್ಬ ಹುಡುಗಿ ಜಿಲ್ಲಾ ಮಟ್ಟದಲ್ಲೇ ಸೋತಿದ್ದರೆ ಅವಳ ಬಗ್ಗೆ ಆಡಿದ ಮಾತುಗಳನ್ನು ಯಾರು ಹಿಂತೆಗೆದುಕೊಂಡಾರು?

ನಮ್ಮ ಹಳೆಯ ಆಟಗಳನ್ನು ಒಮ್ಮೆ ನೋಡಿ. ಹಾಸನ ಸೀಮೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಆಟವೆಂದರೆ ಕುಂಟೆಬಿಲ್ಲೆ, ಕಲ್ಲಾಟ, ಅಳಗುಳಿಮಣೆ, ಚೌಕಾಬಾರ. ಗಂಡುಮಕ್ಕಳದ್ದು ಚಿನ್ನಿದಾಂಡು, ಬುಗುರಿ, ಗೋಲಿ, ಈಜು, ಮರಕೋತಿ. ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ಹೆಣ್ಣುಮಕ್ಕಳ ಆಟಗಳೆಲ್ಲ ಜಗಲಿಯಲ್ಲಿ, ಹಿತ್ತಿಲಲ್ಲಿ, ಹೆಚ್ಚೆಂದರೆ ಬಾಗಿಲ ಮುಂದಿನ ನಾಲ್ಕು ಮಾರು ಜಾಗದಲ್ಲಿ ಮುಗಿಯುತ್ತವೆ. ಒಲೆಯ ಮೇಲಿನ ಹಾಲು ಉಕ್ಕಿದರೆ, ತೊಟ್ಟಿಲ ಮಗು ಅತ್ತರೆ, ಅಮ್ಮ ಕೂಗಿದರೆ ಹುಣಸೆಬೀಜ ಅಲ್ಲೇ ಬಿಟ್ಟು ಏಳಬಹುದು. ಮತ್ತೆ ಬಂದು ಮುಂದುವರಿಸಬಹುದು. ಚಿನ್ನಿದಾಂಡಿಗೆ ಆ ಗುಣವಿಲ್ಲ. ಚಿನ್ನಿ ಎಷ್ಟು ದೂರ ಹಾರುತ್ತದೋ ಅಷ್ಟು ದೂರ ಹುಡುಗ ಹೋಗಬೇಕು, ಹೋಗಿ ಅಳೆದು ಬರಬೇಕು. ಕೂಗಿದರೆ ಕೇಳಿಸದಷ್ಟು ದೂರ ಹೋಗುವುದೇ ಆ ಆಟದ ಸುಖ. ಹುಡುಗಿಯರ ಆಟ ಕೀಳೆಂದು ನಾನು ಹೇಳುತ್ತಿಲ್ಲ. ಅಳಗುಳಿಮಣೆಯಲ್ಲಿ ಬೇಕಾದ ಲೆಕ್ಕ ಕ್ರಿಕೆಟ್ಟಿನಲ್ಲಿ ಬೇಡ. ಆದರೆ ಕೂಗಳತೆಯ ಒಳಗೇ ಇರುವಂತೆ ಅವಳ ಆಟವನ್ನು ರೂಪಿಸಿದವರು ಯಾರೆಂದು ಕೇಳಲೇಬೇಕಾಗುತ್ತದೆ.

ಆ ಕೂಗಳತೆ ಈಗಲೂ ಇದೆ. 2019ರಲ್ಲಿ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ನಡೆಯಿತು. ಮನೆಗೆಲಸದಲ್ಲಿ ತೊಡಗುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆಂದೂ ಗಂಡಸರು 97 ನಿಮಿಷ ಕೊಡುತ್ತಾರೆಂದೂ ಅದು ತಿಳಿಸಿತು. ಹೆಚ್ಚುಕಡಿಮೆ ಐದು ಗಂಟೆ. ಆಟಕ್ಕೆ ಬೇಕಾದದ್ದು ಪ್ರತಿಭೆಗಿಂತ ಮೊದಲು ಬಿಡುವು. ಬಿಡುವು ಹಂಚಿಕೆಯಾಗದ ಮನೆಯಲ್ಲಿ ಬಯಲು ಹಂಚಿಕೆಯಾಗುವುದು ಹೇಗೆ?

ಅರಕಲಗೂಡಿನ ಕಡೆ ಇದಕ್ಕೆ ಇನ್ನೊಂದು ಮುಖ ಇದೆ. ರಾಮನಾಥಪುರ, ಕೊಣನೂರು ಸುತ್ತಮುತ್ತ ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಮುರಿದು, ಕಡ್ಡಿಗೆ ಪೋಣಿಸಿ, ಬೇಯಿಸಿ, ಆಮೇಲೆ ಗ್ರೇಡ್ ಮಾಡುವ ಕೆಲಸ ಮಳೆಗಾಲದ ನಡುವಿನಿಂದ ಶುರುವಾಗುತ್ತದೆ. ಶಾಲೆಗಳ ಹೋಬಳಿ ಮಟ್ಟದ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ನಡೆಯುವುದೂ ಅದೇ ತಿಂಗಳುಗಳಲ್ಲಿ. ಸೊಪ್ಪು ಪೋಣಿಸಲು ಚುರುಕು ಬೆರಳು ಬೇಕು, ಹಾಗಾಗಿ ಮನೆಯ ಹೆಣ್ಣುಮಕ್ಕಳು ಬೇಕು. ಖೋ ಖೋ ಅಂಕಣದಲ್ಲಿ ಬೆರಳಿಗೂ ಕಾಲಿಗೂ ಅದೇ ಚುರುಕು ಬೇಕು. ಎರಡರಲ್ಲಿ ಯಾವುದು ಗೆಲ್ಲುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಧರ್ಮದ ಪ್ರಶ್ನೆ ಇಲ್ಲ. ಹಿಂದೂ ಮನೆಯೋ ಮುಸ್ಲಿಮ್ ಮನೆಯೋ, ಸೊಪ್ಪು ಯಾರನ್ನೂ ಕಾಯುವುದಿಲ್ಲ.

ಮುಸ್ಲಿಮ್ ಹೆಣ್ಣುಮಕ್ಕಳು ಆಟದಲ್ಲಿ ಹಿಂದುಳಿದಿರುವುದಕ್ಕೆ ಇಸ್ಲಾಮ್ ಕಾರಣ ಎಂದು ಹೊರಗಿನವರು ಸುಲಭವಾಗಿ ಹೇಳುತ್ತಾರೆ. ನಮ್ಮೊಳಗಿನ ಕೆಲವರು ಅದನ್ನೇ ಹೆಮ್ಮೆಯಿಂದ ಒಪ್ಪಿಕೊಳ್ಳುತ್ತಾರೆ. ಇಬ್ಬರೂ ಹದೀಸ್ ಗ್ರಂಥಗಳನ್ನು ತೆರೆದು ನೋಡುವುದು ಒಳ್ಳೆಯದು. ಪ್ರವಾದಿ(ಸ)ಯವರ ಜೊತೆ ಪ್ರಯಾಣದಲ್ಲಿದ್ದಾಗ ತಾವಿಬ್ಬರೂ ಓಟದ ಪಂದ್ಯ ಕಟ್ಟಿದ್ದನ್ನೂ ಆ ಸಲ ತಾನು ಗೆದ್ದದ್ದನ್ನೂ ಹಝ್ರತ್ ಆಯಿಶಾ(ರ) ಹೇಳಿಕೊಂಡಿದ್ದಾರೆ. ಅಬೂ ದಾವೂದ್ ಸಂಗ್ರಹದಲ್ಲಿ ಅದು ದಾಖಲಾಗಿದೆ. ಮುಂದೆ ಎಷ್ಟೋ ಕಾಲದ ನಂತರ, ಮೈ ತುಂಬಿಕೊಂಡಿದ್ದಾಗ ಮತ್ತೆ ಓಡಿದರು, ಈ ಸಲ ಪ್ರವಾದಿ(ಸ)ಯವರು ಗೆದ್ದರು, ಹಳೆಯ ಸೋಲಿನ ಲೆಕ್ಕ ಚುಕ್ತಾ ಆಯಿತೆಂದು ತಮಾಷೆ ಮಾಡಿದರು. ಅಬಿಸೀನಿಯದವರು ಮಸೀದಿಯ ಅಂಗಳದಲ್ಲಿ ಈಟಿಗಳ ಆಟ ಆಡುತ್ತಿದ್ದುದನ್ನು ತಾನು ದಣಿಯುವ ತನಕ ನಿಂತು ನೋಡಿದ್ದಾಗಿಯೂ, ಪ್ರವಾದಿ(ಸ)ಯವರು ತನ್ನನ್ನು ಮರೆಮಾಡಿ ನಿಂತು ಕಾದದ್ದಾಗಿಯೂ ಅವರದೇ ಇನ್ನೊಂದು ನಿರೂಪಣೆ ಬುಖಾರಿಯಲ್ಲಿದೆ.

ಈ ಓಟದ ಪ್ರಸಂಗವನ್ನು ವಾಅಝ್‌ಗಳಲ್ಲಿ ಪತಿ-ಪತ್ನಿಯರ ಅನ್ಯೋನ್ಯತೆಗೆ ಉದಾಹರಣೆಯಾಗಿ ಹೇಳುತ್ತಾರೆ. ಸರಿಯೇ. ಆದರೆ ಅದರಲ್ಲಿ ಇನ್ನೂ ಒಂದು ವಿಷಯವಿದೆ. ಆ ಓಟಕ್ಕೆ ಯಾವ ಉದ್ದೇಶವೂ ಇರಲಿಲ್ಲ. ಯುದ್ಧದ ತಯಾರಿಯಲ್ಲ, ಆರೋಗ್ಯ ಸುಧಾರಣೆಯಲ್ಲ, ಪದಕವಿಲ್ಲ. ಗೆದ್ದವರೂ ಸೋತವರೂ ನಕ್ಕರು. ಹಾಗೆ ಸುಮ್ಮನೆ ಓಡಿದ ಹೆಣ್ಣುಮಗಳ ನೆನಪನ್ನು ಸಮುದಾಯ ಹದಿನಾಲ್ಕು ಶತಮಾನ ಕಾಪಾಡಿಕೊಂಡು ಬಂದಿದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಆ ಓಟಕ್ಕೆ ಮೊದಲು ಜೊತೆಯಲ್ಲಿದ್ದವರನ್ನು ಮುಂದೆ ಸಾಗಲು ಹೇಳಲಾಗಿತ್ತು, ಪ್ರೇಕ್ಷಕರಿರಲಿಲ್ಲ, ಆದ್ದರಿಂದ ಇಂದಿನ ಸ್ಟೇಡಿಯಮ್ಮಿಗೂ ಟಿ.ವಿ. ಕ್ಯಾಮರಾಕ್ಕೂ ಅದು ಆಧಾರವಾಗದು ಎಂದು ಆಲಿಮರು ಹೇಳುತ್ತಾರೆ. ವ್ಯಾಯಾಮ ಮಾಡಲಿ, ಆಡಲಿ, ಆದರೆ ಪರಪುರುಷರ ಕಣ್ಣಿನಿಂದ ದೂರವಿರಲಿ ಎಂಬುದು ಅವರ ನಿಲುವು. ಸಭ್ಯತೆಯನ್ನು ಗಂಭೀರವಾಗಿ ತೆಗೆದುಕೊಳ್ಳುವ ಒಬ್ಬ ಹೆಣ್ಣುಮಗಳು ಸ್ವತಃ ಇದನ್ನೇ ಬಯಸಬಹುದು. ಬಯಸಿದರೆ ಅದನ್ನು ಹಿಂದುಳಿದ ಮನಸ್ಸು ಎಂದು ಗೇಲಿ ಮಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಈ ನಿಲುವಿಗೆ ಎರಡು ಭಾಗಗಳಿವೆ. ಅಲ್ಲಿ ಆಡಬೇಡ ಎಂಬುದು ಒಂದು. ಇಲ್ಲಿ ಆಡು ಎಂಬುದು ಇನ್ನೊಂದು. ಹಾಸನದ ಪೆನ್ಷನ್ ಮೊಹಲ್ಲಾದಲ್ಲಾಗಲಿ ಮೂರು ತಾಲ್ಲೂಕು ಕೇಂದ್ರಗಳ ಮೊಹಲ್ಲಾಗಳಲ್ಲಾಗಲಿ ಮೊದಲ ಭಾಗವನ್ನು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಎರಡನೆಯದಕ್ಕೆ ಜಾಗ ತೋರಿಸುವವರು ಸಿಗುವುದು ಅಪರೂಪ. ಶಾದಿ ಮಹಲ್ ಕಟ್ಟಲು ಚಂದಾ ಎತ್ತುತ್ತೇವೆ. ವರ್ಷದ ಬಹುಪಾಲು ದಿನ ಖಾಲಿ ಬಿದ್ದಿರುವ ಆ ಹಾಲಿನಲ್ಲಿ ಸಂಜೆ ಎರಡು ಗಂಟೆ ಹುಡುಗಿಯರಿಗೆ ಷಟ್ಲ್ ಆಡಲು, ಕರಾಟೆ ಕಲಿಯಲು ಬಿಟ್ಟುಕೊಡುವ ಯೋಚನೆ ಎಷ್ಟು ಕಮಿಟಿಗಳಿಗೆ ಬಂದಿದೆ? ನಿಷೇಧಿಸುವವನ ಮೇಲೆ ಬದಲಿ ವ್ಯವಸ್ಥೆ ಮಾಡುವ ಹೊಣೆಯೂ ಇರುತ್ತದೆ. ಹೊಣೆ ಹೊರದೆ ನಿಷೇಧ ಮಾತ್ರ ಹೇಳಿದರೆ ಅದು ಸಭ್ಯತೆಯ ರಕ್ಷಣೆಯಾಗದೆ ಬರಿಯ ಗೇಟು ಮುಚ್ಚುವ ಕೆಲಸವಾಗುತ್ತದೆ.

ಜಾಗದ ಈ ಪ್ರಶ್ನೆ ಹಾಸನಕ್ಕೆ ಹೊಸದಲ್ಲ. ಮಸೀದಿಯಲ್ಲಿ ನಮಾಝ್ ಮಾಡಲು ಹೆಣ್ಣುಮಕ್ಕಳಿಗೂ ಹಕ್ಕಿದೆ ಎಂದು ಹೇಳಿದ್ದಕ್ಕಾಗಿ 2000ದಲ್ಲಿ ಬಾನು ಮುಷ್ತಾಕ್ ಅವರು ಬಹಿಷ್ಕಾರ ಅನುಭವಿಸಿದ್ದು, ಅವರ ಮೇಲೆ ಚೂರಿ ಎತ್ತಿದ್ದು ಇದೇ ಊರಿನ ಚರಿತ್ರೆ. 2025ರ ಮೇ ತಿಂಗಳಲ್ಲಿ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಅಭಿನಂದಿಸಿದವರಲ್ಲಿ ಅಂದು ಮೌನವಾಗಿದ್ದವರೂ ಇದ್ದಿರಬೇಕು. ನಿಖತ್ ಅವರ ತಂದೆ ಹೇಳಿದ ಫೋಟೋದ ಮಾತು ಸಾಹಿತ್ಯಕ್ಕೂ ಅನ್ವಯಿಸುತ್ತದೆ ಅನ್ನಿ.

ಉಡುಪಿನ ವಿಚಾರಕ್ಕೆ ಬಂದರೆ, ಹೆಣ್ಣಿನ ಮೈಯ ಮೇಲೆ ಅಧಿಕಾರ ನಡೆಸುವವರು ಒಂದೇ ಬಣದವರಲ್ಲ ಎಂಬುದು ಕ್ರೀಡೆಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ಅಲ್ಜೀರಿಯದ ಹಸೀಬಾ ಬೂಲ್ಮೆರ್ಕಾ 1991ರಲ್ಲಿ 1500 ಮೀಟರ್ ಓಟದಲ್ಲಿ ವಿಶ್ವ ಚಾಂಪಿಯನ್ ಆದಾಗ, ತೊಡೆ ಕಾಣುವಂತೆ ಓಡಿದಳೆಂದು ಅವರ ದೇಶದ ಉಗ್ರರು ಕೊಲೆ ಬೆದರಿಕೆ ಹಾಕಿದರು. ಅವರು ಬೇರೆ ದೇಶದಲ್ಲಿ ಅಭ್ಯಾಸ ಮಾಡಬೇಕಾಯಿತು; 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಇದರ ಇನ್ನೊಂದು ತುದಿಯಲ್ಲಿ ವಿಶ್ವ ಫುಟ್ಬಾಲ್ ಆಡಳಿತ ಇದೆ. 2007ರಿಂದ ಹಿಜಾಬಿಗೆ ಅಡ್ಡ ಬಂದ ನಿಯಮದಿಂದಾಗಿ 2011ರಲ್ಲಿ ಇರಾನಿನ ಮಹಿಳಾ ತಂಡ ಜೋರ್ಡಾನ್ ವಿರುದ್ಧದ ಒಲಿಂಪಿಕ್ ಅರ್ಹತಾ ಪಂದ್ಯವನ್ನೇ ಆಡಲಾಗಲಿಲ್ಲ. ಆ ತಡೆ ಪೂರ್ಣವಾಗಿ ತೆರವಾದದ್ದು 2014ರಲ್ಲಿ. 2021ರಲ್ಲಿ ನಾರ್ವೆಯ ಬೀಚ್ ಹ್ಯಾಂಡ್‌ಬಾಲ್ ಹುಡುಗಿಯರು ಬಿಕಿನಿ ಬದಲು ತುಂಡು ಚಡ್ಡಿ ತೊಟ್ಟು ಆಡಿದ್ದಕ್ಕೆ 1,500 ಯೂರೋ ದಂಡ ಬಿತ್ತು. ಗಂಡಸರು ಅದೇ ಆಟವನ್ನು ಚಡ್ಡಿಯಲ್ಲೇ ಆಡುತ್ತಿದ್ದರು. 2024ರ ಪ್ಯಾರಿಸ್ ಒಲಿಂಪಿಕ್ಸ್ ಗಂಡು-ಹೆಣ್ಣುಗಳಿಗೆ ಸಮ ಸಂಖ್ಯೆಯ ಸ್ಥಾನ ಕೊಟ್ಟ ಮೊದಲ ಒಲಿಂಪಿಕ್ಸ್. ಅಲ್ಲೇ ಆತಿಥೇಯ ಫ್ರಾನ್ಸಿನ ಓಟಗಾರ್ತಿ ಸುಂಕಾಂಬಾ ಸಿಲ್ಲಾ ಹಿಜಾಬಿನ ಬದಲು ಟೋಪಿ ಹಾಕಿಕೊಂಡು ಉದ್ಘಾಟನೆಗೆ ಬರಬೇಕಾಯಿತು. ಒಬ್ಬರು ಮುಚ್ಚು ಎಂದರು, ಇನ್ನೊಬ್ಬರು ತೆರೆ ಎಂದರು. ನಿನಗೇನು ಅನುಕೂಲ ಎಂದು ಕೇಳಿದವರು ಕಡಿಮೆ. ಬಟ್ಟೆಯ ಹೆಸರಿನಲ್ಲಿ ತರಗತಿಯ ಬಾಗಿಲನ್ನೇ 2022ರಲ್ಲಿ ಮುಚ್ಚಿದ ನಾಡಿನಲ್ಲಿ ಕುಳಿತು ಫ್ರಾನ್ಸಿನ ಬಗ್ಗೆ ಹೆಚ್ಚು ಮಾತಾಡುವುದೂ ಮುಜುಗರದ ಸಂಗತಿಯೇ.

ಹೆಣ್ಣಿನ ಒಳಿತಿಗಾಗಿಯೇ ತಡೆಯುತ್ತಿದ್ದೇವೆ ಎಂಬ ವಾದ ಪೂರ್ವದಲ್ಲೂ ಪಶ್ಚಿಮದಲ್ಲೂ ಒಂದೇ. ಆಧುನಿಕ ಒಲಿಂಪಿಕ್ಸ್ ಆರಂಭಿಸಿದ ಕೂಬರ್ತಾಂಗೆ ಮಹಿಳೆಯರು ಸ್ಪರ್ಧಿಸುವುದೇ ಇಷ್ಟವಿರಲಿಲ್ಲ. 1896ರಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ. 1928ರಲ್ಲಿ ಮೊದಲ ಸಲ ಮಹಿಳೆಯರ 800 ಮೀಟರ್ ಓಟ ಇಟ್ಟರು. ಓಡಿದವರು ಸುಸ್ತಾದರೆಂದು ಪತ್ರಿಕೆಗಳು ಗುಲ್ಲೆಬ್ಬಿಸಿದವು. ಹೆಣ್ಣಿನ ದೇಹ ತಡೆಯದು ಎಂದು ಹೇಳಿ 1960ರ ತನಕ ಆ ಓಟವನ್ನು ತೆಗೆದೇಹಾಕಿದರು. ಹಾಸನದ ಆಲೂಗಡ್ಡೆ ಹೊಲದಲ್ಲಿ ದಿನವಿಡೀ ಬಗ್ಗಿ ಗೆಡ್ಡೆ ಆರಿಸುವ ಹೆಂಗಸರನ್ನು ಕಂಡಿದ್ದರೆ ಆ ಮಹನೀಯರು ಏನು ಹೇಳುತ್ತಿದ್ದರೋ!

1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ 400 ಮೀಟರ್ ಹರ್ಡಲ್ಸ್ ಮೊದಲ ಬಾರಿಗೆ ಬಂತು. ಗೆದ್ದದ್ದು ಮೊರಾಕೋದ ನವಾಲ್ ಅಲ್ ಮುತವಕ್ಕಿಲ್, ಒಲಿಂಪಿಕ್ ಚಿನ್ನ ಗೆದ್ದ ಮೊದಲ ಅರಬ್ ಮಹಿಳೆ. ಅದೇ ಓಟದಲ್ಲಿ ನಮ್ಮ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಿಂದ ಕಂಚು ಕಳೆದುಕೊಂಡರು. ಉಷಾ ಹೆಸರು ಗೊತ್ತಿಲ್ಲದ ಮನೆ ನಮ್ಮಲ್ಲಿ ಇರಲಿಲ್ಲ, ನವಾಲ್ ಹೆಸರು ನಮ್ಮ ಮುಸ್ಲಿಮ್ ಮನೆಗಳಿಗೂ ತಲುಪಲಿಲ್ಲ. ಇಪ್ಪತ್ತಾರು ವರ್ಷಗಳ ನಂತರ, 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಅದೇ ಹರ್ಡಲ್ಸ್ ಗೆದ್ದವರು ಕುಂದಾಪುರದ ಕಡೆಯ ಸಿದ್ದಾಪುರದ ರೈತ ಕುಟುಂಬದ ಅಶ್ವಿನಿ ಅಕ್ಕುಂಜೆ. ಆ ಸಂತೋಷ ಬಹಳ ದಿನ ಉಳಿಯಲಿಲ್ಲ. 2011ರಲ್ಲಿ ಅವರೂ ರಿಲೇ ತಂಡದ ಸಂಗಾತಿಗಳೂ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ತರಬೇತುದಾರ ಕೊಟ್ಟ ಜಿನ್ಸೆಂಗ್ ಗುಳಿಗೆಯಿಂದ ಹೀಗಾಯಿತೆಂದು ಹೇಳಿದರು. ತರಬೇತುದಾರನನ್ನು ಸರ್ಕಾರ ತೆಗೆದುಹಾಕಿತು, ಆದರೂ ಹುಡುಗಿಯರಿಗೆ ಎರಡು ವರ್ಷದ ನಿಷೇಧ ತಪ್ಪಲಿಲ್ಲ. ಬಾಯಿಗೆ ಬಿದ್ದದ್ದಕ್ಕೆಲ್ಲ ಕ್ರೀಡಾಪಟುವೇ ಹೊಣೆ ಎಂಬುದು ಆ ಕಾನೂನು. ಕಾನೂನು ಇರಲಿ. ತರಬೇತುದಾರ ಕೊಟ್ಟದ್ದನ್ನು ಪ್ರಶ್ನಿಸುವ ಸ್ಥಿತಿಯಲ್ಲಿ ನಮ್ಮ ಹಳ್ಳಿಯ ಹುಡುಗಿ ಇರುತ್ತಾಳೆಯೇ? ಮನೆಯಲ್ಲಿ ಎದುರು ಮಾತಾಡಬಾರದೆಂದು ಕಲಿಸಿ, ಶಿಬಿರದಲ್ಲಿ ಎದುರು ಮಾತಾಡಲಿಲ್ಲವೆಂದು ಶಿಕ್ಷಿಸುವುದು ಯಾವ ನ್ಯಾಯ ಎಂಬುದು ನನಗೆ ಇಂದಿಗೂ ಬಗೆಹರಿಯದ ಪ್ರಶ್ನೆ.

ಪ್ರಶ್ನಿಸಿದವರ ಗತಿ ಏನಾಯಿತೆಂದೂ ನೋಡಿದ್ದೇವೆ. 2023ರಲ್ಲಿ ವಿನೇಶ್ ಫೋಗಟ್, ಸಾಕ್ಷಿ ಮಲಿಕ್ ಮೊದಲಾದವರು ಕುಸ್ತಿ ಫೆಡರೇಷನ್ನಿನ ಅಂದಿನ ಅಧ್ಯಕ್ಷ ಬ್ರಿಜ್ ಭೂಷಣ್ ಸಿಂಗ್ ವಿರುದ್ಧ ಲೈಂಗಿಕ ಕಿರುಕುಳದ ದೂರು ಹೊತ್ತು ದಿಲ್ಲಿಯ ಬೀದಿಯಲ್ಲಿ ಕುಳಿತರು. ಮೇ 28ರಂದು ಪೊಲೀಸರು ಅವರನ್ನು ಎಳೆದೊಯ್ದ ಚಿತ್ರಗಳನ್ನು ಮರೆಯಲಾಗದು. ಆರೋಪಗಳನ್ನು ಅವರು ನಿರಾಕರಿಸಿದ್ದಾರೆ; 2024ರ ಮೇ ತಿಂಗಳಲ್ಲಿ ನ್ಯಾಯಾಲಯ ದೋಷಾರೋಪ ಹೊರಿಸಿತು. ಹಾಸನದವರಿಗಂತೂ ಇದು ದೂರದ ದಿಲ್ಲಿಯ ಕತೆಯಾಗಿ ಉಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಹೊಳೆನರಸೀಪುರದ ಠಾಣೆಯಲ್ಲಿ ದಾಖಲಾದ ದೂರಿನಿಂದ ಆರಂಭವಾದದ್ದು, ಅಂದಿನ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ 2025ರ ಆಗಸ್ಟ್‌ನಲ್ಲಿ ಅತ್ಯಾಚಾರದ ಪ್ರಕರಣವೊಂದರಲ್ಲಿ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸುವ ತನಕ ಹೋಯಿತು. ದೊಡ್ಡವರ ನೆರಳಿನಲ್ಲಿ ಹೆಣ್ಣುಮಕ್ಕಳು ಎಷ್ಟು ಕಾಲ ಬಾಯಿ ಬಿಡದೆ ಇರಬೇಕಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡ ಜಿಲ್ಲೆ ಇದು. ಇಂಥ ಕಡೆ ಒಬ್ಬ ತಂದೆ ಮಗಳನ್ನು ಶಿಬಿರಕ್ಕೆ ಕಳಿಸಲು ಹಿಂಜರಿದರೆ ಅವನನ್ನು ಸಂಪ್ರದಾಯವಾದಿ ಎಂದು ಕರೆದು ಮುಗಿಸಲಾಗದು.

ಹೊಳೆನರಸೀಪುರದ ನನ್ನ ಪರಿಚಯದ ಗುಜರಿ ವ್ಯಾಪಾರಿಯೊಬ್ಬರ ಮಗಳು ಶಾಲೆಯಲ್ಲಿ ಚೆನ್ನಾಗಿ ಓಡುತ್ತಿದ್ದಳು. ಹಾಸನಕ್ಕೆ ಕಳಿಸಿ ಎಂದು ಡ್ರಿಲ್ ಮೇಷ್ಟ್ರು ಹೇಳಿದ್ದರು. ಯಾಕೆ ಕಳಿಸಲಿಲ್ಲ ಎಂದು ಕೇಳಿದೆ. "ಓಡೋದಕ್ಕೆ ನಾನು ಬೇಡ ಅಂದಿಲ್ಲ ಸಾರ್," ಎಂದರು. "ಅಲ್ಲಿ ಪ್ರಾಕ್ಟೀಸು ಮುಗಿಯೋದು ಎಷ್ಟೊತ್ತಿಗೆ, ಬಸ್ ಸ್ಟ್ಯಾಂಡಿಗೆ ಅವಳು ಬರೋದು ಎಷ್ಟೊತ್ತಿಗೆ, ಇಲ್ಲಿ ಬಂದು ಇಳಿಯೋದು ಎಷ್ಟೊತ್ತಿಗೆ? ಅದನ್ನ ಯಾರಾದ್ರೂ ಹೇಳ್ತಾರಾ? ಜೊತೇಲಿ ಇನ್ನೊಂದು ಹುಡುಗಿ ಇದ್ದಿದ್ರೆ ಕಳಿಸ್ತಿದ್ದೆ." ಅವರು ಷರೀಅತ್ ಬಗ್ಗೆ ಒಂದು ಮಾತೂ ಆಡಲಿಲ್ಲ.

2023ರ ಜೂನ್ 11ರಿಂದ ರಾಜ್ಯದಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತವಾಗಿದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೂರೂ ಹಾಸನದಿಂದ ಮೂವತ್ತು-ನಲವತ್ತು ಕಿಲೋಮೀಟರ್ ಒಳಗಿನವು. ದುಡ್ಡಿನ ಅಡ್ಡಿ ಅಷ್ಟರಮಟ್ಟಿಗೆ ಕಳೆಯಿತು. ಇದು ಸಣ್ಣ ಸಂಗತಿಯಲ್ಲ. ಹೊತ್ತಿನ ಅಡ್ಡಿ, ಜೊತೆಯ ಅಡ್ಡಿ ಹಾಗೇ ಇವೆ. ತಾಲ್ಲೂಕು ಕೇಂದ್ರದಿಂದ ಹಿರೀಸಾವೆ, ನುಗ್ಗೇಹಳ್ಳಿ, ಹಳ್ಳಿಮೈಸೂರಿನಂಥ ಹೋಬಳಿ ಊರುಗಳಿಗೆ, ಅಲ್ಲಿಂದ ಹಳ್ಳಿಗೆ ಇನ್ನೊಂದು ಪ್ರಯಾಣ ಬೇರೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ 'ಕೆಲಸದ ಸ್ಥಳ' ಎಂಬುದರ ವ್ಯಾಖ್ಯೆಯೊಳಗೆ ಕ್ರೀಡಾ ಸಂಸ್ಥೆ, ಸ್ಟೇಡಿಯಂ, ಸ್ಪರ್ಧೆ ನಡೆಯುವ ಜಾಗ ಎಲ್ಲವೂ ಸೇರಿವೆ. ದೂರು ಕೇಳುವ ಸಮಿತಿ ಇರಬೇಕೆಂದು ಕಾನೂನು ಹೇಳುತ್ತದೆ. ಮಗಳನ್ನು ಕಳಿಸುವ ತಂದೆ-ತಾಯಿಗೆ ಆ ಸಮಿತಿಯವರ ಹೆಸರು, ಫೋನ್ ನಂಬರು ಗೇಟಿನಲ್ಲೇ ಕಾಣುವಂತಿದ್ದರೆ ಭಾಷಣಗಳಿಗಿಂತ ಹೆಚ್ಚು ಪ್ರಯೋಜನ.

ಹೆಣ್ಣು-ಗಂಡಿನ ಅಂತರದಿಂದಲೇ ಎಲ್ಲವನ್ನೂ ವಿವರಿಸಲೂ ಆಗದು. 2025ರ ಜನವರಿಯಲ್ಲಿ ದಿಲ್ಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪಿನಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78-40ರಿಂದ ಸೋಲಿಸಿದರು. ಫೈನಲ್ಲಿನಲ್ಲಿ ಮಿಂಚಿದವರು ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ. ಗೆದ್ದ ಪುರುಷರ ತಂಡದಲ್ಲಿದ್ದ ಕರ್ನಾಟಕದ ಎಂ.ಕೆ. ಗೌತಮ್ ಅವರಿಗೂ ಚೈತ್ರಾಗೂ ರಾಜ್ಯ ಸರ್ಕಾರ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ 2.25 ಕೋಟಿ ಮತ್ತು ಸರ್ಕಾರಿ ನೌಕರಿ ಕೊಡುತ್ತಿರುವಾಗ ಇದೇನೆಂದು ಇಬ್ಬರೂ ಆ ಹಣವನ್ನು ಬೇಡವೆಂದರು. ಇಲ್ಲಿ ಗಂಡು-ಹೆಣ್ಣು ಸಮಾನವಾಗಿಯೇ ಅವಗಣನೆಗೆ ಒಳಗಾದರು ಎನ್ನಬೇಕು. ಬಡವರ ಆಟಕ್ಕೆ ಬಡ ಬಹುಮಾನ.

ಸುಮ್ಮನೆ ಆಡುವ ಹೆಂಗಸರು ನಮ್ಮಲ್ಲಿ ಇಲ್ಲವೇ ಇಲ್ಲವೆಂದಲ್ಲ. ರಾಜ್ಯ ಸರ್ಕಾರಿ ನೌಕರರ ಕ್ರೀಡಾಕೂಟ ನಡೆಯುವಾಗ ಹೋಗಿ ನೋಡಿ. ನಲವತ್ತೈದು ದಾಟಿದ ಶಿಕ್ಷಕಿಯರು, ದಾದಿಯರು, ಕಚೇರಿಯ ಗುಮಾಸ್ತೆಯರು ಚೂಡಿದಾರಿನ ಮೇಲೆ ಟೀ ಶರ್ಟ್ ಹಾಕಿಕೊಂಡು ಥ್ರೋಬಾಲ್ ಆಡುತ್ತಾರೆ, ನೂರು ಮೀಟರ್ ಓಡಿ ಏದುಸಿರು ಬಿಡುತ್ತ ನಗುತ್ತಾರೆ. ಅವರನ್ನು ಯಾಕೆ ಎಂದು ಕೇಳುವವರಿಲ್ಲ; ಸಂಬಳ ತರುವ ಹೆಂಗಸನ್ನು ಕೇಳುವ ಧೈರ್ಯ ಕಡಿಮೆ. ಹದಿಮೂರರಲ್ಲಿ ಬಿಟ್ಟ ಆಟವನ್ನು ನಲವತ್ತೈದರಲ್ಲಿ ಮರಳಿ ಪಡೆಯುವಂತಾಗಿದೆ ಅವರಿಗೆ. ನಡುವಿನ ಮೂವತ್ತು ವರ್ಷ ಎಲ್ಲಿ ಹೋಯಿತು ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ಆಸ್ತಿಯಲ್ಲಿ ಮಗಳಿಗೆ ಪಾಲಿದೆ ಎಂದು ಕುರ್‌ಆನ್ ನಿಗದಿಪಡಿಸಿದೆ. ಅದು ಅಣ್ಣಂದಿರು ಔದಾರ್ಯದಿಂದ ಕೊಡುವ ಉಡುಗೊರೆಯಲ್ಲ. ಅವಳು ಒಳ್ಳೆಯವಳೇ, ಜಾಣೆಯೇ ಎಂದು ಪರೀಕ್ಷಿಸಿ ಕೊಡುವುದೂ ಅಲ್ಲ. ಬಯಲನ್ನೂ ಹೀಗೆಯೇ ಪಾಲು ಎಂದು ನೋಡಬಹುದು. ಊರಿನ ಆಟದ ಮೈದಾನ ಊರಿನ ಆಸ್ತಿ. ಅದರ ಮಣ್ಣಿನಲ್ಲಿ ಅವಳ ಅಪ್ಪನ ತೆರಿಗೆಯೂ ಅಮ್ಮನ ಬೆವರೂ ಸೇರಿದೆ. ಅನುಮತಿಯ ಮೇಲೆ ಬಂದವಳನ್ನು ಅನುಮತಿ ಹಿಂತೆಗೆದು ಹೊರಗೆ ಕಳಿಸಬಹುದು, ಪಾಲುದಾರಳನ್ನು ಹಾಗೆ ಕಳಿಸಲಾಗದು. ಪಾಲುದಾರಳು ಗೆಲ್ಲಬೇಕೆಂಬ ಷರತ್ತೂ ಇಲ್ಲ.

ಇದನ್ನು ಜಾರಿಗೆ ತರಲು ದೊಡ್ಡ ಯೋಜನೆ ಬೇಕಿಲ್ಲ. ವರ್ಷಕ್ಕೊಮ್ಮೆ ಹಾಸನಾಂಬೆಯ ಬಾಗಿಲು ತೆರೆದಾಗ ಲಕ್ಷಾಂತರ ಜನರಿಗೆ ನೀರು, ನೆರಳು, ಶೌಚಾಲಯ, ಬಸ್ಸು, ಪೊಲೀಸು ಎಲ್ಲವನ್ನೂ ಕೆಲವೇ ದಿನಗಳಲ್ಲಿ ಹೊಂದಿಸುವ ಆಡಳಿತ ಈ ಜಿಲ್ಲೆಯದು. ನಾಲ್ಕು ತಾಲ್ಲೂಕುಗಳ ಮೈದಾನಗಳಲ್ಲಿ ವಾರಕ್ಕೆ ಮೂರು ಸಂಜೆ, ನಾಲ್ಕೂವರೆಯಿಂದ ಆರರ ತನಕ, ಹುಡುಗಿಯರಿಗೆಂದು ಬಿಟ್ಟು, ಬಾಗಿಲಿರುವ ಒಂದು ಶೌಚಾಲಯ, ಬಟ್ಟೆ ಬದಲಿಸುವ ಒಂದು ಕೋಣೆ, ಒಬ್ಬ ಮಹಿಳಾ ತರಬೇತುದಾರರನ್ನು ಕೊಟ್ಟು, ಆರೂಕಾಲಕ್ಕೆ ಹೋಬಳಿಗಳ ಕಡೆ ಒಂದೊಂದು ಬಸ್ ಹೊರಡಿಸುವುದು ಅದಕ್ಕಿಂತ ಕಷ್ಟದ್ದೇನಲ್ಲ. ಬುರ್ಖಾ ತೊಟ್ಟು ಬಂದವಳು ಅದನ್ನು ಕೋಣೆಯಲ್ಲಿಟ್ಟು ಆಡಬೇಕೋ, ತಲೆಗೆ ಸ್ಕಾರ್ಫ್ ಕಟ್ಟಿ ಆಡಬೇಕೋ, ಅದು ಅವಳಿಗೆ ಬಿಟ್ಟದ್ದು. ಜಂಗಮನ ಮಗಳೂ, ಗೌಡರ ಮಗಳೂ, ಹೊಲೆಯರ ಕೇರಿಯ ಮಗಳೂ ಅದೇ ಚೆಂಡನ್ನು ಹಿಡಿಯಲಿ. ಆ ಮೂರು ಸಂಜೆ ಕ್ರಿಕೆಟ್ ಆಡುವ ಹುಡುಗರು ಗೊಣಗುತ್ತಾರೆ. ಕೆಲವರು ಕಾಂಪೌಂಡಿನ ಮೇಲೆ ಕುಳಿತು ಶಿಳ್ಳೆ ಹೊಡೆಯಲೂಬಹುದು, ಅದಕ್ಕೆ ಒಬ್ಬ ಪೇದೆ ಬೇಕಾದೀತು. ನಾಲ್ಕಾರು ವಾರ ಕಳೆದ ಮೇಲೆ ಅವರೂ ಬೇರೆ ದಿನಗಳಿಗೆ ಹೊಂದಿಕೊಳ್ಳುತ್ತಾರೆ. ಮಂಗಳವಾರ ಮೈದಾನ ಖಾಲಿ ಇಲ್ಲ ಕಣೋ, ಹುಡುಗೀರ ಟೈಮು ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ.